ಸೇವೆಯ ಪಟ್ಟಿ: ಒಂದು ಓದು

ಪದ್ಯ, ಕತೆ, ಕಾದಂಬರಿಗಳನ್ನಷ್ಟೇ ವಿಮರ್ಶೆ ಮಾಡಬೇಕು ಅಂತ ಯಾರು ಹೇಳಿದರು? ನಮ್ಮ ಜನದ ಬದುಕನ್ನು ಅಳೆಯುವ ಬರಹಗಳು ಬೇರೆ ಕಡೆಯೂ ಇವೆ: ಪಹಣಿಯಲ್ಲಿ, ರೇಷನ್ ಅಂಗಡಿಯ ಬೋರ್ಡಿನಲ್ಲಿ, ಹಾಸ್ಟೆಲಿನ ಹಾಜರಿ ಪುಸ್ತಕದಲ್ಲಿ. ನಾವು ಇಲ್ಲಿ ಓದಲು ಹೊರಟಿರುವುದು ನಮ್ಮೂರ ಚರ್ಚಿನ ಬಾಗಿಲ ಪಕ್ಕ ಅಂಟಿಸಿದ್ದ ಒಂದು ಹಾಳೆಯನ್ನು. ಅದರ ತಲೆಬರಹ ‘ಸ್ವಯಂಸೇವೆಗಳು’.

ಚರ್ಚಿನ ಒಳಗು ಗೊತ್ತಿಲ್ಲದ ಗೆಳೆಯರಿಗಾಗಿ ಒಂದು ಮಾತು. ಒಬ್ಬ ಪಾದ್ರಿಯ ಸುಪರ್ದಿಗೆ ಸೇರಿದ ಭಕ್ತರ ಸಮುದಾಯವನ್ನು ಕ್ಯಾಥೊಲಿಕರು ಧರ್ಮಕೇಂದ್ರ ಅಂತಾರೆ. ಬಲಿಪೂಜೆ ಅರ್ಪಿಸುವುದು ಪಾದ್ರಿ. ಮಿಕ್ಕಿದ್ದು ಬಹುಪಾಲು ನಡೆಯುವುದು ಸಂಬಳವಿಲ್ಲದ ಸಾಮಾನ್ಯ ಭಕ್ತರಿಂದ. ಬೈಬಲ್ ಓದುವವರು, ಹಾಡುವವರು, ಮಕ್ಕಳಿಗೆ ಧರ್ಮಪಾಠ ಹೇಳುವವರು, ಕಾಣಿಕೆ ಎತ್ತುವವರು, ಲೆಕ್ಕ ನೋಡುವವರು, ಕಸ ಗುಡಿಸುವವರು, ಹೆಣಕ್ಕೆ ಗುಂಡಿ ತೋಡುವವರು.

ಆ ಹಾಳೆಯಲ್ಲಿ ವಾಚಕರ ಸಾಲಿನಲ್ಲಿ ಹೆಸರುಗಳಿದ್ದವು. ಹೆಸರಿನ ಹಿಂದೆ ‘ಶ್ರೀ’ ಇತ್ತು, ಮುಂದೆ ಡಿಗ್ರಿ ಇತ್ತು. ಹಣಕಾಸು ಸಮಿತಿಗೂ ಹಾಗೇ. ಕೊನೆಗೆ ಬಂದರೆ ‘ಸ್ವಚ್ಛತೆ: ಕೆಳಗೇರಿಯವರು. ಸಮಾಧಿ ಕೆಲಸ: ಕೆಳಗೇರಿಯವರು.’ ಅಷ್ಟೆ. ಮೇಲಿನ ಸಾಲುಗಳಲ್ಲಿ ಮನುಷ್ಯರು ಕೆಲಸ ಮಾಡುತ್ತಾರೆ, ಕೆಳಗಿನ ಸಾಲುಗಳಲ್ಲಿ ಒಂದು ಕೇರಿ ಕೆಲಸ ಮಾಡುತ್ತದೆ. ಇಪ್ಪತ್ತು ವರ್ಷ ಶನಿವಾರ ತಪ್ಪದೆ ಆ ನೆಲ ಗುಡಿಸಿದ ನಮ್ಮವ್ವನಿಗೆ ಅಲ್ಲೊಂದು ಹೆಸರಿರಲಿಲ್ಲ.

‘ಸ್ವಯಂ’ ಅನ್ನುವ ಮಾತಿಗೆ ಅರ್ಥ ಏನು? ‘ಆಗಲ್ಲ’ ಅನ್ನುವ ಹಕ್ಕಿದ್ದವನು ‘ಆಗಲಿ’ ಅಂದರೆ ಅದು ಸ್ವಯಂಸೇವೆ. ವಾಚಕರು ಒಂದು ವಾರ ಬರದಿದ್ದರೆ ‘ಪಾಪ, ಕೆಲಸ ಇತ್ತೇನೋ’ ಅಂತಾರೆ. ನಮ್ಮಪ್ಪ ಜ್ವರ ಬಂದು ಗುಂಡಿ ತೋಡಲು ಹೋಗದಿದ್ದಾಗ ಮನೆ ಬಾಗಿಲಿಗೇ ಜನ ಬಂದಿದ್ದರು. ಇಲ್ಲ ಅನ್ನೋಕೆ ಬರದ ಸೇವೆಗೆ ನಮ್ಮ ಊರುಗಳಲ್ಲಿ ಹಳೇ ಹೆಸರೊಂದಿದೆ: ಬಿಟ್ಟಿ ಚಾಕರಿ. ಊರಗೌಡನ ಅಂಗಳದಲ್ಲಿ ಅದನ್ನು ಬಿಟ್ಟುಬಂದ ನಮ್ಮ ಹಿರಿಯರಿಗೆ ದೇವರ ಅಂಗಳದಲ್ಲೂ ಅದೇ ಕಾದು ಕೂತಿತ್ತು.

ಚರ್ಚು ಸೇವೆಯ ಬಗ್ಗೆ ಮಾತಾಡುವಾಗ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರವನ್ನು ಹಿಡಿಯುತ್ತದೆ. ಸಭೆ ಒಂದು ದೇಹ, ಜನ ಅದರ ಅಂಗಗಳು ಅನ್ನುವ ರೂಪಕ ಅಲ್ಲಿದೆ. ಕಣ್ಣು ಕೈಯನ್ನು ಬೇಡ ಅನ್ನುವಂತಿಲ್ಲ. ಬಲಹೀನ ಅಂಗಕ್ಕೇ ಹೆಚ್ಚು ಮಾನ ಸಲ್ಲಬೇಕು ಅನ್ನುವುದು ಅದರ ಸಾರ. ಆದರೆ ಈ ನೆಲದಲ್ಲಿ ದೇಹದ ಇನ್ನೊಂದು ರೂಪಕ ಮೊದಲೇ ಬೇರು ಬಿಟ್ಟಿದೆ. ಪುರುಷಸೂಕ್ತದ್ದು. ಅದರಲ್ಲಿ ಪಾದದಿಂದ ಹುಟ್ಟಿದವನು ಪಾದವಾಗಿಯೇ ಇರಬೇಕು. ಆ ಪಾದದಲ್ಲೂ ಜಾಗ ಸಿಗದೆ ಹೊರಗುಳಿದವರು ನಾವು. ನಮ್ಮೂರ ಚರ್ಚಿನಲ್ಲಿ ಓದುವುದು ಪೌಲನ ಪತ್ರ, ನಡೆಸುವುದು ಪುರುಷಸೂಕ್ತ.

ಇದು ನಮ್ಮೂರೊಂದರ ಕತೆಯಲ್ಲ. ತಮಿಳುನಾಡಿನ ವಡಕ್ಕನ್‌ಕುಳಂ ಚರ್ಚನ್ನು 19ನೇ ಶತಮಾನದಲ್ಲಿ ಎರಡು ಕವಲಾಗಿ ಕಟ್ಟಿದರು. ವೆಳ್ಳಾಳರು ಒಂದು ಕಡೆ, ನಾಡಾರರು ಇನ್ನೊಂದು ಕಡೆ, ನಡುವೆ ಗೋಡೆ. 1910ರ ಹೊತ್ತಿಗೆ ಆ ಗೋಡೆ ಒಡೆದರು. ಕಲ್ಲಿನ ಗೋಡೆಗೆ ಹಾರೆ ಸಾಕು. ಪಟ್ಟಿಯೊಳಗಿನ ಗೋಡೆ ಒಡೆಯಬೇಕಾದರೆ ಮೊದಲು ಅದನ್ನು ಓದಬೇಕು.

ಬಿ.ಎ. ಮುಗಿಸಿ ಊರಿಗೆ ಬಂದ ವರ್ಷ ನಾವೂ ವಾಚಕರಾಗಬೇಕು ಅಂತ ಕೇಳಿದೆವು. ಉಸ್ತುವಾರಿಯ ಹಿರಿಯರು ನಗುನಗುತ್ತಲೇ ಅಂದರು: “ಓದಪ್ಪ, ಆದ್ರೆ ನಿನಗೆ ‘ಹ’ಕಾರ ನಿಲ್ಲಲ್ವಲ್ಲ. ದೇವರ ವಾಕ್ಯ ಶುದ್ಧವಾಗಿರಬೇಕು.” ಹಾಲಿಗೆ ಆಲು ಅನ್ನುವ ಬಾಯಿ ನಮ್ಮದು, ನಿಜ. ಬಲಿಪೂಜೆಯಲ್ಲಿ ಲ್ಯಾಟಿನ್ ಬದಲು ಜನರ ಭಾಷೆಗೆ ದಾರಿ ಮಾಡಿಕೊಟ್ಟದ್ದು 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ. ಆದರೆ ಯಾವ ಜನರ ಭಾಷೆ? ಪೀಠದವರೆಗೆ ಬಂದ ಕನ್ನಡ ನಮ್ಮ ಕೇರಿಗೆ ಬರುವಷ್ಟರಲ್ಲಿ ಮೈಲಿಗೆಯಾಯಿತು. ಯೇಸುವನ್ನು ಹಿಡಿದ ರಾತ್ರಿ ಅಂಗಳದಲ್ಲಿದ್ದ ಪೇತ್ರನನ್ನು ಜನ ಗುರುತಿಸಿದ್ದು ಅವನ ಗಲಿಲಾಯದ ಮಾತಿನ ಧಾಟಿಯಿಂದ. ಆ ಬೆಸ್ತನನ್ನೇ ಚರ್ಚು ತನ್ನ ಮೊದಲ ಪೋಪ್ ಅನ್ನುತ್ತದೆ. ನಮ್ಮೂರಿಗೆ ಬಂದಿದ್ದರೆ ಅವನಿಗೂ ಪೊರಕೆಯೇ ಗತಿ.

ಚರ್ಚಿನ ಕಾಗದಗಳು ಹೀಗೆ ಹೇಳುವುದಿಲ್ಲ. 1965ರ ನವೆಂಬರಿನಲ್ಲಿ ಅದೇ ಮಹಾಸಭೆ ಶ್ರೀಸಾಮಾನ್ಯರ ಪ್ರೇಷಿತಕಾರ್ಯದ ಮೇಲೆ ಒಂದು ಆದೇಶ ಹೊರಡಿಸಿತು. ಸೇವೆ ಮಾಡುವ ಹಕ್ಕು ಮತ್ತು ಹೊಣೆ ಪಾದ್ರಿ ಕೊಟ್ಟ ಭಿಕ್ಷೆಯಲ್ಲ, ದೀಕ್ಷಾಸ್ನಾನದಿಂದಲೇ ಬಂದದ್ದು ಅನ್ನುವುದು ಅದರ ತಿರುಳು. 1972ರಲ್ಲಿ ವಾಚಕ ಮತ್ತು ಪೀಠಸೇವಕರ ವಿಧಿವತ್ತಾದ ಸ್ಥಾನಗಳನ್ನು ಶ್ರೀಸಾಮಾನ್ಯರಿಗೆ ತೆರೆದರು, ಗಂಡಸರಿಗೆ ಮಾತ್ರ. ಆ ಸ್ಥಾನಗಳು ಹೆಂಗಸರಿಗೂ ಸಿಕ್ಕಿದ್ದು 2021ರ ಜನವರಿಯಲ್ಲಿ. ರೋಮಿನಲ್ಲಿ ಒಂದು ಬಾಗಿಲು ತೆರೆಯಲು 49 ವರ್ಷ. ಅದು ನಮ್ಮವ್ವನವರೆಗೆ ಬರಲು ಎಷ್ಟು?

2016ರ ಡಿಸೆಂಬರಿನಲ್ಲಿ ಭಾರತದ ಕ್ಯಾಥೊಲಿಕ್ ಬಿಷಪರ ಮಂಡಳಿ ದಲಿತರ ಸಬಲೀಕರಣದ ನೀತಿಯೊಂದನ್ನು ಪ್ರಕಟಿಸಿತು. ದೇಶದ ಸುಮಾರು 1.9 ಕೋಟಿ ಕ್ಯಾಥೊಲಿಕರಲ್ಲಿ 1.2 ಕೋಟಿ ದಲಿತರು ಅನ್ನುವುದನ್ನೂ, ಚರ್ಚಿನೊಳಗೆ ತಾರತಮ್ಯ ಇದೆ ಅನ್ನುವುದನ್ನೂ ಅದು ಒಪ್ಪಿಕೊಂಡಿತು. ಒಪ್ಪಿಕೊಂಡದ್ದು ದೊಡ್ಡದೇ. ಆದರೆ ಸರ್ಕಾರ ಇನ್ನೂ ಒಪ್ಪಿಲ್ಲ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತನಾದ ದಲಿತ ಪರಿಶಿಷ್ಟ ಜಾತಿಯವನಲ್ಲ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಸಿಕ್ಕಿದ್ದು ಅವನಿಗೆ ಸಿಕ್ಕಿಲ್ಲ. ತಾಲ್ಲೂಕು ಆಫೀಸಿನಲ್ಲಿ ‘ನಿಮಗೆ ಜಾತಿ ಇಲ್ಲ’ ಅಂತಾರೆ. ಚರ್ಚಿನ ಪಟ್ಟಿಯಲ್ಲಿ ಜಾತಿ ಬಿಟ್ಟು ಬೇರೇನೂ ಇಲ್ಲ. ಸವಲತ್ತಿಗೆ ಇಲ್ಲದ ಜಾತಿ ಪೊರಕೆಗೆ ಎಲ್ಲಿಂದ ಬಂತು?

ನಾವು ಒಂದೇ ಕಣ್ಣಿನಲ್ಲಿ ನೋಡುತ್ತಿದ್ದೇವೆ ಅನ್ನಬೇಡಿ. ನಮಗೆ ಅಕ್ಷರ ತಿದ್ದಿಸಿದ್ದು ಭಾನುವಾರ ಧರ್ಮಪಾಠ ಹೇಳುತ್ತಿದ್ದ ಒಬ್ಬ ಅಕ್ಕ. ಪೈಸೆ ತಗೊಂಡವರಲ್ಲ. ಎಸ್ಸೆಸ್ಸೆಲ್ಸಿ ಫೀಜು ಕಟ್ಟಿದ್ದು ಸಂತ ವಿನ್ಸೆಂಟ್ ದೆ ಪಾಲ್ ಸಭೆಯವರು. 1833ರಲ್ಲಿ ಪ್ಯಾರಿಸ್ಸಿನ ವಿದ್ಯಾರ್ಥಿಗಳು ಬಡವರ ಮನೆಮನೆಗೆ ಹೋಗಲೆಂದು ಕಟ್ಟಿದ ಸಂಘ ಅದು. ಸಂಬಳವಿಲ್ಲದ ಇಂಥ ದುಡಿಮೆಯಿಂದಲೇ ನಾವು ಈ ಮಾತು ಬರೆಯುವಷ್ಟಾದದ್ದು. ಸೇವೆ ಸುಳ್ಳು ಅಂತಲ್ಲ, ಹಂಚಿಕೆ ಸುಳ್ಳು.

ನಮ್ಮವ್ವನನ್ನು ಕೇಳಿದರೆ “ದ್ಯಾವ್ರ ಮನೆ ಕಸ ಬಳುದ್ರೆ ಕೈ ಸವೀತದೇನ್ಲಾ?” ಅಂತಾಳೆ. ಅವಳ ಭಕ್ತಿಯನ್ನು ಹಗುರ ಮಾಡುವ ಯೋಗ್ಯತೆ ನಮಗಿಲ್ಲ. ಪವಿತ್ರ ಗುರುವಾರ ಪಾದ್ರಿ ಹನ್ನೆರಡು ಜನರ ಪಾದ ತೊಳೆಯುತ್ತಾರೆ. ಗುರುವಾದವನು ಆಳಿನ ಕೆಲಸಕ್ಕೆ ಬಗ್ಗಿದ್ದರಿಂದ ಯೇಸುವಿನ ಆ ಕೆಲಸಕ್ಕೆ ಅರ್ಥ ಬಂತು. ಮೊದಲಿಂದಲೂ ಬಗ್ಗಿಯೇ ಇರುವವಳಿಗೆ ಬಗ್ಗುವ ಪಾಠ ಯಾಕೆ? ಆ ಪಾಠ ಹಣಕಾಸು ಸಮಿತಿಗೆ ಬೇಕು.

ನಾವು ಕೇಳುವುದು ಹೆಚ್ಚೇನಲ್ಲ. ಕಸ, ಗುಂಡಿ ಎಲ್ಲ ಕೇರಿಗಳಿಗೂ ಸರದಿಯಂತೆ ಬರಲಿ. ಬರದವರು ಕೂಲಿ ಕೊಟ್ಟು ಮಾಡಿಸಲಿ. ಓದಲು ಬಯಸುವವರಿಗೆ ಕಲಿಸಲಿ, ಉಚ್ಚಾರದ ನೆಪ ಬೇಡ. ಕಾಣಿಕೆಯ ಲೆಕ್ಕವನ್ನು ಎಲ್ಲರ ಮುಂದೆ ಓದಲಿ. 1983ರ ಚರ್ಚ್ ಕಾನೂನಿನ 536ನೇ ನಿಯಮದ ಪ್ರಕಾರ ಪಾಲನಾ ಪರಿಷತ್ತಿಗೆ ಇರುವುದು ಸಲಹೆ ಕೊಡುವ ಅಧಿಕಾರ ಮಾತ್ರ. ಇರಲಿ. ಆ ಸಲಹೆ ಹೇಳುವ ಕುರ್ಚಿಯಲ್ಲಾದರೂ ಕೆಳಗೇರಿ ಕೂರಲಿ, ಕೇರಿಯಾಗಿ ಅಲ್ಲ, ಹೆಸರಿರುವ ಮನುಷ್ಯರಾಗಿ.

ಹಳ್ಳಿಯ ಮೇಷ್ಟರುಗಳೆ, ಹಾಸ್ಟೆಲಿನ ಗೆಳೆಯರೆ, ನಿಮ್ಮೂರಿನ ಗುಡಿ, ಮಸೀದಿ, ಚರ್ಚು, ಸಂಘದ ಗೋಡೆಗಳಲ್ಲೂ ಇಂಥ ಪಟ್ಟಿಗಳಿರುತ್ತವೆ. ಬರೆದಿರದಿದ್ದರೂ ಇರುತ್ತವೆ. ನಮ್ಮ ಸಂಘಟನೆಯ ಸಭೆಗಳಲ್ಲೇ ಚಾಪೆ ಹಾಸುವವರು ಯಾರು, ಮೈಕು ಹಿಡಿಯುವವರು ಯಾರು? ಓದಿ ನೋಡಿ.

ಕಳೆದ ಶನಿವಾರ ನಾವು ಆ ಹಾಳೆಯ ಕೊನೆ ಸಾಲಿನಲ್ಲಿ ಅವ್ವನ ಹೆಸರನ್ನು ಪೆನ್ನಿನಲ್ಲಿ ಬರೆದು ಬಂದೆವು. ಭಾನುವಾರ ಅದನ್ನು ಯಾರೋ ಹೊಡೆದುಹಾಕಿದ್ದರು. ಮತ್ತೆ ಬರೆದಿದ್ದೇವೆ.