ಪತ್ರದೊಳಗೊಂದು ಪಟ

ನೀವು ಚಂದಾದಾರರಾಗಿರುವ ಯಾವುದಾದರೂ ಇ-ಮೇಲ್ ನ್ಯೂಸ್‌ಲೆಟರ್ ತೆರೆಯುವ ಮುಂಚೆ ಸೆಟ್ಟಿಂಗ್ಸ್‌ಗೆ ಹೋಗಿ, ಚಿತ್ರಗಳು ತಾವಾಗಿ ತೆರೆದುಕೊಳ್ಳದಂತೆ ಮಾಡಿ. ಈಗ ಓದಿ. ಚೆನ್ನಾಗಿ ಕಟ್ಟಿದ ಪತ್ರವಾದರೆ ವಿಷಯವೆಲ್ಲ ಅಲ್ಲೇ ಇರುತ್ತದೆ, ಚಿತ್ರವಿದ್ದ ಜಾಗದಲ್ಲಿ ಅದೇನೆಂದು ಹೇಳುವ ಒಂದು ಸಾಲೂ ಇರುತ್ತದೆ. ಇಲ್ಲದಿದ್ದರೆ ಒಂದು ಖಾಲಿ ಚೌಕ, ಅದರಡಿ ‘ಅನ್‌ಸಬ್‌ಸ್ಕ್ರೈಬ್’ ಎಂಬ ಕೊಂಡಿ. ಓದಲು ಸಿಗುವ ಒಂದೇ ಮಾತು ‘ಹೋಗಿ ಬನ್ನಿ’!

ಕನ್ನಡದ ಪತ್ರಗಳು ಈ ಪರೀಕ್ಷೆಯಲ್ಲಿ ಬೀಳಲು ಹಳೆಯ ಕಾರಣವೊಂದಿದೆ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪಿಸಿದ್ದನ್ನು ಮೇಲ್‌ಗೆ ಅಂಟಿಸಿದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತಿತ್ತು. ಅದಕ್ಕೇ ಡಿಟಿಪಿಯವರು ಇಡೀ ಪುಟವನ್ನೇ ಜೆಪೆಗ್ ಮಾಡಿ ಕಳಿಸುತ್ತಿದ್ದರು. ಈಗ ಯೂನಿಕೋಡ್ ಕನ್ನಡ ಎಲ್ಲ ಫೋನುಗಳಲ್ಲೂ ಸಲೀಸು. ರೂಢಿ ಮಾತ್ರ ಬಿಟ್ಟಿಲ್ಲ. ನಾಟಕದ ಹೆಸರು, ದಿನಾಂಕ, ರಂಗಮಂದಿರ, ಟಿಕೆಟ್ ದರ, ಫೋನ್ ನಂಬರ್ ಎಲ್ಲವೂ ಒಂದೇ ಪೋಸ್ಟರಿನೊಳಗೆ. ವಿಳಾಸ ಕಾಪಿ ಮಾಡಿ ಮ್ಯಾಪ್‌ಗೆ ಹಾಕೋಣವೆಂದರೆ ಬೆರಳಿಗೆ ಸಿಗುವುದಿಲ್ಲ. ಗೋಡೆಗೆ ಹಚ್ಚಲು ಮಾಡಿದ್ದು ಫೋನಿನ ಅಗಲಕ್ಕೆ ಕುಗ್ಗಿದಾಗ ಒತ್ತಕ್ಷರಗಳು ಬರೀ ಚುಕ್ಕೆ. ದೃಷ್ಟಿಯಿಲ್ಲದವರಿಗೆ ಸ್ಕ್ರೀನ್ ರೀಡರ್ ‘ಇಮೇಜ್’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ.

ಚಿತ್ರ ಮುಚ್ಚಿಟ್ಟು ಓದುವವರು ಯಾರಿದ್ದಾರೆ ಎನ್ನಬೇಡಿ. ಆಫೀಸುಗಳ ಡೆಸ್ಕ್‌ಟಾಪ್ ಔಟ್‌ಲುಕ್ ಹೊರಗಿನ ಚಿತ್ರಗಳನ್ನು ತಡೆದು, ಇಳಿಸಿಕೊಳ್ಳಲೇ ಎಂದು ಕೇಳುತ್ತದೆ. ಜಿಮೇಲ್ ಕೂಡ 2013ರ ಡಿಸೆಂಬರ್‌ವರೆಗೆ ಹಾಗೆಯೇ ಇತ್ತು. ಈ ಅನುಮಾನಕ್ಕೆ ಕಾರಣ ಒಂದೇ ಪಿಕ್ಸೆಲ್ಲಿನ, ಕಣ್ಣಿಗೆ ಕಾಣದ ಚಿತ್ರ: ನೀವು ಮೇಲ್ ತೆರೆದ ಕೂಡಲೇ ಅದು ಕಳಿಸಿದವರಿಗೆ ಸುದ್ದಿ ಮುಟ್ಟಿಸುತ್ತದೆ. 2021ರಲ್ಲಿ ಆ್ಯಪಲ್, ಓದುಗರು ತೆರೆಯಲಿ ಬಿಡಲಿ, ಚಿತ್ರಗಳನ್ನು ಮೊದಲೇ ಇಳಿಸಿಡುವ ವ್ಯವಸ್ಥೆ ತಂದಮೇಲೆ ಎಷ್ಟು ಜನ ತೆರೆದರೆಂಬ ಲೆಕ್ಕ ನಂಬುವಂತಿಲ್ಲ. ಒಳ್ಳೆಯದೇ ಆಯಿತು ಎನ್ನುವವನು ನಾನು.

ಹಾಗಂತ ಬರೀ ಅಕ್ಷರದ ಪಕ್ಷಪಾತಿಯಲ್ಲ. ಇ-ಮೇಲ್‌ಗೆ ಲಗತ್ತು ಸೇರಿಸುವ ‘ಮೈಮ್’ ವಿಧಾನ ರೂಪಿಸಿದವರಲ್ಲಿ ಒಬ್ಬರಾದ ನಥಾನಿಯಲ್ ಬೋರೆನ್‌ಸ್ಟೀನ್ 1992ರ ಮಾರ್ಚ್‌ನಲ್ಲಿ ಕಳಿಸಿದ ಮೊದಲ ಲಗತ್ತಿನಲ್ಲಿ ತಮ್ಮ ನಾಲ್ವರ ಹಾಡುಗಾರಿಕೆಯ ತಂಡದ ಫೋಟೊ ಇತ್ತು, ಹಾಡೂ ಇತ್ತು. ಎರಡನ್ನೂ ಬರೆದು ತಿಳಿಸಲು ಆಗುತ್ತಿರಲಿಲ್ಲ. ಚಿತ್ರಕ್ಕೆ ಜಾಗ ಕೊಡಬೇಕಾದದ್ದು ಅಂಥ ಕಡೆ.

ಕಸೂತಿಯ ಬಗ್ಗೆ ಪತ್ರ ಬರೆಯುತ್ತೀರಿ ಎನ್ನಿ. ಇಳಕಲ್ ಸೀರೆ ಉಟ್ಟು ನಗುವ ರೂಪದರ್ಶಿಯ ಫೋಟೊ ಹಾಕಿದರೆ ಓದುಗರಿಗೆ ತಿಳಿಯುವುದು ಅವಳು ನಗುತ್ತಿದ್ದಾಳೆ ಎಂದಷ್ಟೇ. ಕಸೂತಿಯ ಗವಂತಿ ಹೊಲಿಗೆಯ ಸೊಗಸೆಂದರೆ ಬಟ್ಟೆಯ ಎರಡೂ ಬದಿ ಒಂದೇ ರೀತಿ ಕಾಣುವುದು. ಸೆರಗಿನ ಮೂಲೆ ಮಡಚಿ, ಮುಂಬದಿ ಹಿಂಬದಿ ಒಟ್ಟಿಗೆ ಕಾಣುವಂತೆ, ಎಳೆ ಎಣಿಸುವಷ್ಟು ಹತ್ತಿರದಿಂದ ಒಂದು ಫೋಟೊ ಸಾಕು. ಅದರ ಆಲ್ಟ್ ಟೆಕ್ಸ್ಟ್‌ನಲ್ಲಿ, ಅಂದರೆ ಚಿತ್ರ ಬಾರದಾಗ ಅದರ ಜಾಗದಲ್ಲಿ ಕಾಣುವ ಸಾಲಿನಲ್ಲಿ, ‘ಸೀರೆಯ ಚಿತ್ರ’ ಎಂದು ಕೈತೊಳೆದುಕೊಳ್ಳಬೇಡಿ. ‘ಮಡಚಿದ ಸೆರಗು, ಗೋಪುರದ ಕಸೂತಿ ಎರಡೂ ಬದಿ ಒಂದೇ ತೆರ’ ಎಂದು ಬರೆಯಿರಿ. ಚಿತ್ರ ಬಾರದಿದ್ದರೂ ಮಾತು ತಲುಪುತ್ತದೆ.

ಅಳತೆಯ ವಿಚಾರ ಚಿಕ್ಕದು. ಪತ್ರದ ಅಂಕಣ ಸಾಮಾನ್ಯವಾಗಿ 600 ಪಿಕ್ಸೆಲ್ ಅಗಲ. ಚಿತ್ರವನ್ನು 1,200 ಅಗಲಕ್ಕೆ ಸಿದ್ಧಮಾಡಿ ಅರ್ಧಕ್ಕೆ ಇಳಿಸಿ ತೋರಿಸಿದರೆ ಒಳ್ಳೆಯ ಪರದೆಗಳಲ್ಲೂ ಮಸುಕಾಗದು. ಫೋನಿನಲ್ಲಿ ತೆಗೆದ ನಾಲ್ಕೈದು ಎಂಬಿ ಫೋಟೊವನ್ನು ಹಾಗೇ ತುರುಕಿದರೆ ನೆಟ್‌ವರ್ಕ್ ಕುಂಟುವ ಊರಿನವರು ಗಿರಗಿರ ಸುತ್ತುವ ಚಕ್ರ ನೋಡುತ್ತ ಕೂರಬೇಕು. ಲಾಂಛನದ ಹಿನ್ನೆಲೆ ತೆಗೆದು ಕಪ್ಪಕ್ಷರ ಮಾತ್ರ ಉಳಿಸುವವರು ಡಾರ್ಕ್ ಮೋಡ್‌ನಲ್ಲೂ ಒಮ್ಮೆ ನೋಡಿಕೊಳ್ಳಲಿ, ಸಂಸ್ಥೆಯ ಹೆಸರೇ ಕತ್ತಲಲ್ಲಿ ಕರಗಿರುತ್ತದೆ. ಇನ್ನು ಕುಣಿಯುವ ಜಿಫ್‌ಗಳು: ಔಟ್‌ಲುಕ್‌ನ ಹಳೆಯ ಹಲವು ಆವೃತ್ತಿಗಳು ತೋರಿಸುವುದು ಮೊದಲ ಫ್ರೇಮ್ ಮಾತ್ರ. ದೀಪಾವಳಿ ಶುಭಾಶಯದ ಜಿಫ್ ಆರಿದ ಹಣತೆಯಿಂದ ಶುರುವಾದರೆ ಆ ಆಫೀಸುಗಳಲ್ಲಿ ದೀಪ ಹತ್ತುವುದೇ ಇಲ್ಲ. ಉರಿಯುವ ಹಣತೆಯನ್ನೇ ಮೊದಲಿಗಿಡಿ.