ಕಣ್ಣಿಗೆ ಬೀಳದ ಕ್ಯಾಮೆರಾ

ಗೂಗಲ್ ಗ್ಲಾಸ್ ನೆನಪಿದೆಯಾ? 2013ರಲ್ಲಿ 1,500 ಡಾಲರ್ ಕೊಟ್ಟು ಅದನ್ನು ಹಾಕಿಕೊಂಡು ಓಡಾಡಿದವರನ್ನು ಅಮೆರಿಕದ ಜನ 'ಗ್ಲಾಸ್‌ಹೋಲ್' ಅಂತ ಬೈದರು. ಸಿಯಾಟಲ್‌ನ ಒಂದು ಬಾರ್, ಅದನ್ನು ಹಾಕಿಕೊಂಡವರನ್ನು ಒಳಗೇ ಬಿಡಲ್ಲ ಅಂತು. 2015ರ ಜನವರಿಯಲ್ಲಿ ಜನಸಾಮಾನ್ಯರಿಗೆ ಅದರ ಮಾರಾಟವೇ ನಿಂತಿತು.

ಈಗ ಮೆಟಾದ ರೇ-ಬ್ಯಾನ್ ನಮ್ಮಲ್ಲೂ ಸಿಗುತ್ತೆ, ಯಾರೂ ತಲೆ ಕೆಡಿಸಿಕೊಂಡಿಲ್ಲ. ಹತ್ತು ವರ್ಷದಲ್ಲಿ ನಾವು ಅಷ್ಟು ಧಾರಾಳಿಗಳಾಗಿಬಿಟ್ಟೆವಾ? ನನಗೆ ಹಾಗನ್ನಿಸಲ್ಲ. ಬದಲಾಗಿದ್ದು ಫ್ರೇಮು. ಗೂಗಲ್ ಗ್ಲಾಸ್ ಹಾಕಿದವನು ದೂರದಿಂದಲೇ ಗೊತ್ತಾಗುತ್ತಿದ್ದ. ಇದು ಮಾಮೂಲಿ ಕನ್ನಡಕದ ಥರಾನೇ ಇದೆ. ರೆಕಾರ್ಡ್ ಆಗುವಾಗ ಫ್ರೇಮಿನ ಮೂಲೆಯಲ್ಲಿ ಪುಟ್ಟ ದೀಪ ಉರಿಯುತ್ತೆ, ಅಷ್ಟೇ.

ಮೊನ್ನೆ ದರ್ಶಿನಿಯಲ್ಲಿ ಕಾಫಿ ಕುಡಿಯುತ್ತಾ ಗೆಳೆಯನ ಹತ್ತಿರ ಮನೆಯ ಸಾಲದ ಗೋಳು ಹೇಳಿಕೊಂಡೆ. ಹೊರಡುವಾಗ, "ಲೋ, ಇದರಲ್ಲಿ ಕ್ಯಾಮೆರಾ ಇದೆ ಗೊತ್ತಾ?" ಅಂದ. ರೆಕಾರ್ಡ್ ಮಾಡಿರಲಿಲ್ಲವಂತೆ. ನಂಬಿದೆ. ಆದರೂ ಆಡಿದ್ದೆಲ್ಲ ಇನ್ನೊಮ್ಮೆ ತಲೆಯಲ್ಲಿ ಓಡಿತು. ಆ ದೀಪದ ಅರ್ಥ ನನಗೇನೋ ಗೊತ್ತು. ಪಕ್ಕದಲ್ಲಿ ಟೇಬಲ್ ಒರೆಸುತ್ತಿದ್ದ ಹುಡುಗನಿಗೆ?

ಜನ ಒಪ್ಪಿಕೊಂಡಿದ್ದಾರೆ ಅನ್ನುವ ಮಾತನ್ನು ಅದಕ್ಕೇ ನಾನು ಒಪ್ಪಲ್ಲ. ನಮ್ಮನ್ನು ಯಾರು ಕೇಳಿದರು? ನೀವೂ ಕೊಂಡಿದ್ದರೆ ದಯವಿಟ್ಟು ಮಾತು ಶುರುವಾಗುವ ಮೊದಲೇ ಹೇಳಿಬಿಡಿ, ಹೊರಡುವಾಗ ಅಲ್ಲ.