ಹಳೆಯ ಕ್ಯಾಮರಾಗಳ ಬೆಲೆಯೂ ಸಾಕ್ಷ್ಯವೂ

ಫಿಲ್ಮಿನ ಸುರುಳಿ ತುಂಬಿ ಚಿತ್ರ ತೆಗೆಯುವ ಹಳೆಯ ಕ್ಯಾಮರಾಗಳಿಗೆ ಈಚಿನ ವರ್ಷಗಳಲ್ಲಿ ಮತ್ತೆ ಬೇಡಿಕೆ ಹುಟ್ಟಿದೆ. ಈ ಉದ್ಯಮವು ಮುಗಿದೇಹೋಯಿತೆಂದು ತಿಳಿಯಲು ಕಾರಣಗಳಿಲ್ಲದಿರಲಿಲ್ಲ. 2006ರಲ್ಲಿ ಕೊನಿಕಾ ಮಿನೋಲ್ಟಾ ಸಂಸ್ಥೆಯು ಕ್ಯಾಮರಾ ವ್ಯವಹಾರದಿಂದಲೇ ಹಿಂದೆ ಸರಿಯಿತು. 2009ರಲ್ಲಿ ಕೊಡಾಕ್ ಸಂಸ್ಥೆಯು 1935ರಿಂದ ನಡೆದುಬಂದ ಕೊಡಾಕ್ರೋಮ್ ಫಿಲ್ಮಿನ ತಯಾರಿಕೆಯನ್ನು ನಿಲ್ಲಿಸಿತು. 2012ರಲ್ಲಿ ಆ ಸಂಸ್ಥೆಯೇ ದಿವಾಳಿ ಕಾನೂನಿನ ಆಶ್ರಯ ಕೋರಬೇಕಾಯಿತು. ಇಷ್ಟಾದ ಮೇಲೂ 2024ರಲ್ಲಿ ಪೆಂಟಾಕ್ಸ್ ಹೆಸರಿನ ಹೊಸದೊಂದು ಫಿಲ್ಮ್ ಕ್ಯಾಮರಾ ಮಾರುಕಟ್ಟೆಗೆ ಬಂದಿತೆಂದರೆ, ಕೈಬದಲಾದ ಹಳೆಯ ಕ್ಯಾಮರಾಗಳ ಪೇಟೆಯು ಎಷ್ಟು ಬಲವಾಗಿ ಚೇತರಿಸಿಕೊಂಡಿದೆಯೆಂಬುದನ್ನು ಊಹಿಸಬಹುದು.

ಈ ವಿಷಯವಾಗಿ ಬರುತ್ತಿರುವ ಬರಹಗಳು ಬಹುಮಟ್ಟಿಗೆ ಎರಡು ಜಾತಿಗೆ ಸೇರುತ್ತವೆ. ಒಂದು, ಬೆಲೆಪಟ್ಟಿ: ಯಾವ ಮಾದರಿ, ಯಾವ ವರ್ಷ, ಎಷ್ಟು ಹಣ. ಇನ್ನೊಂದು, ಹಳಹಳಿಕೆ: ಷಟರಿನ ಸದ್ದು, ಚರ್ಮದ ಕವಚದ ವಾಸನೆ, ಸುರುಳಿಯನ್ನು ತೊಳೆಸಿಕೊಂಡು ಬರುವವರೆಗಿನ ಕಾತರ. ಆದರೆ ಈ ವಸ್ತುವು ಯಾವುದಕ್ಕೆ ಸಾಕ್ಷಿ ಎಂಬ ಪ್ರಶ್ನೆಯನ್ನು ಇವೆರಡೂ ಕೇಳುವುದಿಲ್ಲ. ಇತಿಹಾಸದ ಅಭ್ಯಾಸಿಗಳಾದ ನಮಗೆ ಅದೇ ಮೊದಲ ಪ್ರಶ್ನೆ. ಅದನ್ನು ಕೇಳಿದೊಡನೆ ಪೇಟೆಯ ಬೆಲೆಗೂ ಚಾರಿತ್ರಿಕ ಮೌಲ್ಯಕ್ಕೂ ನಡುವೆ ಇರುವ ಅಂತರವು ಕಾಣಿಸಿಕೊಳ್ಳುತ್ತದೆ. ಹಳಹಳಿಕೆಯು ಆ ಅಂತರವನ್ನು ಮರೆಸುತ್ತದೆಂಬುದೇ ನಮ್ಮ ಆಕ್ಷೇಪಣೆ.

ಹಳಹಳಿಕೆಯನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಪಾಶ್ಚಾತ್ಯರಲ್ಲಿ ಅದಕ್ಕಿರುವ ‘ನಾಸ್ಟಾಲ್ಜಿಯ’ ಎಂಬ ಹೆಸರನ್ನು 1688ರಲ್ಲಿ ಯೋಹಾನೆಸ್ ಹೋಫರ್ ಎಂಬ ವೈದ್ಯವಿದ್ಯಾರ್ಥಿಯು ಬಾಸೆಲ್ ನಗರದಲ್ಲಿ ಮಂಡಿಸಿದ ಪ್ರಬಂಧದಲ್ಲಿ ಕಟ್ಟಿದನು. ಊರು ಬಿಟ್ಟು ಪರಸ್ಥಳದಲ್ಲಿ ನವೆಯುತ್ತಿದ್ದವರ ಕಾಯಿಲೆಗೆ ಅವನಿತ್ತ ಹೆಸರದು. ಊರಿಗೆ ಮರಳುವುದೇ ಅದಕ್ಕೆ ಮದ್ದು. ಸ್ಥಳದ ಹಂಬಲವು ಮುಂದೆ ಕಾಲದ ಹಂಬಲವಾಗಿ ಮಾರ್ಪಟ್ಟಿತು. ಕಳೆದ ಕಾಲಕ್ಕೆ ಮರಳುವ ದಾರಿ ಇಲ್ಲದ ಕಾರಣ, ಆ ಕಾಲದ ವಸ್ತುವನ್ನು ಕೊಳ್ಳುವುದು ಬದಲಿ ಮದ್ದಾಯಿತು. ಇಂದು ಫಿಲ್ಮ್ ಕ್ಯಾಮರಾ ಕೊಳ್ಳುವವರಲ್ಲಿ ಹಲವರು ಫಿಲ್ಮಿನ ಕಾಲವನ್ನು ಕಂಡವರೇ ಅಲ್ಲವೆಂದು ಕೆಲವರು ನಗುವುದುಂಟು. ಇದರಲ್ಲಿ ನಗುವಂಥದೇನೂ ನಮಗೆ ಕಾಣದು. ಹಂಪೆಗೆ ಹೋಗುವವರೆಲ್ಲ ವಿಜಯನಗರವನ್ನು ಕಂಡವರೇ?

ಎರಡು ಹರಾಜುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ನಮ್ಮ ಮಾತು ಸ್ಪಷ್ಟವಾಗುತ್ತದೆ. 2022ರ ಜೂನ್ ತಿಂಗಳಲ್ಲಿ ಜರ್ಮನಿಯ ವೆಟ್ಸ್‌ಲಾರ್ ಪಟ್ಟಣದಲ್ಲಿ 105ನೆಯ ಸಂಖ್ಯೆಯ ಲೈಕಾ ಕ್ಯಾಮರಾವೊಂದು 144 ಲಕ್ಷ ಯೂರೋಗಳಿಗೆ ಮಾರಾಟವಾಯಿತು. ಅಲ್ಲಿಯವರೆಗೆ ಯಾವ ಕ್ಯಾಮರಾವೂ ಅಷ್ಟು ಬೆಲೆ ಕಂಡಿರಲಿಲ್ಲ. ಚಲನಚಿತ್ರದ 35 ಮಿಲಿಮೀಟರ್ ಫಿಲ್ಮನ್ನು ಬಳಸಿ ಅಂಗೈಯಲ್ಲಿ ಅಡಗುವ ಕ್ಯಾಮರಾವನ್ನು ರೂಪಿಸಿದ ಓಸ್ಕರ್ ಬಾರ್ನಾಕ್ ಎಂಬ ಯಂತ್ರಶಿಲ್ಪಿಯ ಸ್ವಂತ ಕ್ಯಾಮರಾ ಅದು. 1925ರ ಲೈಪ್‌ಸಿಗ್ ಜಾತ್ರೆಯಲ್ಲಿ ಲೈಕಾವು ಜನರ ಮುಂದೆ ಬರುವುದಕ್ಕೂ ಮೊದಲು, 1923ರ ಸುಮಾರಿಗೆ, ಪರೀಕ್ಷೆಗಾಗಿ ಮಾಡಿದ ಇಪ್ಪತ್ತಕ್ಕೆ ಸ್ವಲ್ಪ ಮಿಗಿಲಾದ ಕ್ಯಾಮರಾಗಳಲ್ಲಿ ಇದೂ ಒಂದು. ಇದೇ ಗುಂಪಿನ 122ನೆಯ ಕ್ಯಾಮರಾ 2018ರಲ್ಲಿ ವಿಯೆನ್ನಾದಲ್ಲಿ 24 ಲಕ್ಷ ಯೂರೋಗಳಿಗೆ ಹೋಗಿತ್ತು. ಒಂದೇ ಕಾರ್ಯಾಗಾರದ, ಒಂದೇ ಕಾಲದ, ಒಂದೇ ರಚನೆಯ ಎರಡು ವಸ್ತುಗಳ ನಡುವಣ ಈ ಆರುಪಟ್ಟು ಅಂತರಕ್ಕೆ ಮುಖ್ಯ ಕಾರಣ ಒಂದರ ಮೇಲೆ ಕೊರೆದಿರುವ ಬಾರ್ನಾಕನ ಹೆಸರು. ಯಂತ್ರದ ಇತಿಹಾಸಕ್ಕೆ ಎರಡೂ ಹೇಳುವುದು ಹೆಚ್ಚು ಕಡಮೆ ಒಂದೇ.

ಇನ್ನೊಂದು ಹರಾಜು 2007ರಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ನಡೆಯಿತು. ಸಾಮಾನುಗಳನ್ನು ಇಡಲು ಪಡೆದಿದ್ದ ಕೋಣೆಯ ಬಾಡಿಗೆ ಬಾಕಿ ಬಿದ್ದುದರಿಂದ ವಿವಿಯನ್ ಮೇಯರ್ ಎಂಬ ವೃದ್ಧೆಯ ಪೆಟ್ಟಿಗೆಗಳು ಹರಾಜಿಗೆ ಬಂದವು. ಆಕೆ ಸಿರಿವಂತರ ಮನೆಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದವಳು. ಬಿಡುವಿನಲ್ಲಿ ಕೊರಳಿಗೆ ರೋಲಿಫ್ಲೆಕ್ಸ್ ಕ್ಯಾಮರಾ ತೂಗಿಕೊಂಡು ಬೀದಿಯ ಜನರ ಚಿತ್ರ ತೆಗೆಯುತ್ತಿದ್ದವಳು. ಜಾನ್ ಮಲೂಫ್ ಎಂಬ ತರುಣನು ಸುಮಾರು 400 ಡಾಲರು ತೆತ್ತು ನೆಗೆಟಿವ್‌ಗಳ ಒಂದು ದೊಡ್ಡ ಪೆಟ್ಟಿಗೆಯನ್ನು ಕೊಂಡನು. ಮುಂದೆ ಬೆಳಕಿಗೆ ಬಂದ ಆಕೆಯ ನೆಗೆಟಿವ್‌ಗಳ ಸಂಖ್ಯೆ ಒಂದು ಲಕ್ಷವನ್ನು ಮೀರಿತು. ತೊಳೆಯದೆ ಬಿಟ್ಟ ಸುರುಳಿಗಳೇ ನೂರಾರು ಇದ್ದವು. ಇಪ್ಪತ್ತನೆಯ ಶತಮಾನದ ನಡುಗಾಲದ ಅಮೆರಿಕದ ನಗರಜೀವನವನ್ನು ಅಭ್ಯಸಿಸುವವರು ಇಂದು ಆ ಚಿತ್ರಗಳನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. 2009ರಲ್ಲಿ ತೀರಿಕೊಂಡ ಆಕೆಗೆ ಈ ಕೀರ್ತಿಯ ಸುಳಿವೇ ಇರಲಿಲ್ಲ. ಆಕೆಯ ಹೆಸರು ಪ್ರಸಿದ್ಧವಾದ ಮೇಲೆ ಚಿತ್ರಗಳಿಗೂ ಬೆಲೆ ಬಂದಿತೆಂಬುದು ನಿಜ. ಆದರೆ ಹೆಸರಿಲ್ಲದಿದ್ದಾಗ ಸಾಕ್ಷ್ಯದ ರಾಶಿಯೊಂದಕ್ಕೆ ಪೇಟೆಯು ಕಟ್ಟಿದ ಬೆಲೆ ಒಂದು ಸಾಧಾರಣ ಕ್ಯಾಮರಾದಷ್ಟೂ ಇರಲಿಲ್ಲವೆಂಬುದನ್ನು ನಾವು ಗಮನದಲ್ಲಿಡಬೇಕು.

ಹೆಸರಿಗೆ ಬೆಲೆ ಬಂದೆಡೆಯಲ್ಲಿ ಕೂಟಲೇಖನವೂ ಹಿಂದೆಯೇ ಬರುತ್ತದೆ. ದತ್ತಿಯ ಹಕ್ಕನ್ನು ಸ್ಥಾಪಿಸಲು ಪುರಾತನ ಅರಸರ ಹೆಸರಿನಲ್ಲಿ ಬರೆಸಿದ ಕೂಟಶಾಸನಗಳು ನಮ್ಮ ನಾಡಿನ ಇತಿಹಾಸಕಾರರಿಗೆ ಹೊಸವಲ್ಲ. ಗಂಗರ ತಾಮ್ರಪಟಗಳ ವಿಷಯದಲ್ಲಿ ಫ್ಲೀಟರು ಎತ್ತಿದ ಸಂದೇಹಗಳು ಎಷ್ಟು ವಾದಕ್ಕೆ ಎಡೆಮಾಡಿದವೆಂಬುದು ಓದುಗರಿಗೆ ತಿಳಿದೇ ಇದೆ. ಕ್ಯಾಮರಾಗಳಲ್ಲಿಯೂ ಇಂತಹದೇ ಉಂಟು. ಸೋವಿಯತ್ ಒಕ್ಕೂಟದಲ್ಲಿ ಲೈಕಾವನ್ನು ಅನುಸರಿಸಿ ಮಾಡಿದ ಫೆಡ್ ಮತ್ತು ಜೋರ್ಕಿ ಕ್ಯಾಮರಾಗಳ ಮೇಲಣ ಅಕ್ಷರಗಳನ್ನು ಉಜ್ಜಿ ಅಳಿಸಿ, ಲೈಕಾ ಎಂದು ಕೆತ್ತಿ, ಕೆಲವೊಮ್ಮೆ ನಾಜಿ ಸೇನೆಯ ಲಾಂಛನವನ್ನೂ ಸೇರಿಸಿ ಸಂಗ್ರಾಹಕರಿಗೆ ಮಾರಿದ್ದಾರೆ. ಮೋಸಹೋದವನ ಹಣದ ಚಿಂತೆ ನಮಗೆ ಬೇಡ. ಅಳಿಸಿಹೋದ ಹೆಸರಿನ ಚಿಂತೆ ಬೇಕು. ಫೆಡ್ ಕ್ಯಾಮರಾವು 1934ರಿಂದ ತಯಾರಾದುದು ಖಾರ್ಕಿವ್ ನಗರದ ಜೆರ್ಜಿನ್‌ಸ್ಕಿ ಶ್ರಮಾಶ್ರಮದಲ್ಲಿ. ಶಿಕ್ಷಣತಜ್ಞ ಅಂತೋನ್ ಮಕರೆಂಕೊ ಅವರ ಮಾರ್ಗದರ್ಶನದಲ್ಲಿ ಬೆಳೆದ ಆ ಆಶ್ರಮದಲ್ಲಿ ಅನಾಥರೂ ಬೀದಿಪಾಲಾದವರೂ ಆದ ಮಕ್ಕಳು ಓದುತ್ತ ದುಡಿಯುತ್ತಿದ್ದರು. ಅಂತಹ ಮಕ್ಕಳ ಕೈಯಿಂದ ಸೂಕ್ಷ್ಮ ಯಂತ್ರವೊಂದು ಹೊರಬಂದ ಸಂಗತಿಯು ಸ್ವತಃ ಒಂದು ಅಧ್ಯಾಯಕ್ಕೆ ಸಾಲುವ ವಸ್ತು. ಇಲ್ಲದ ಚರಿತ್ರೆಯೊಂದನ್ನು ಕೆತ್ತುವುದಕ್ಕಾಗಿ ಇದ್ದ ಚರಿತ್ರೆಯನ್ನು ಉಜ್ಜಿಹಾಕಿದಂತಾಯಿತು.

ಹಾಗಾದರೆ ಹೆಸರು ಕೆತ್ತಿರದ, ಸಾವಿರಾರು ಸಂಖ್ಯೆಯಲ್ಲಿ ಮಾರಾಟವಾದ ಸಾಮಾನ್ಯ ಕ್ಯಾಮರಾದಿಂದ ನಾವು ತಿಳಿಯುವುದೇನು? ಬಹಳವಿದೆಯೆಂದು ನಮ್ಮ ಅಭಿಪ್ರಾಯ. ವಡೋದರದಲ್ಲಿ ತಯಾರಾಗಿ ಭಾರತದ ಮಧ್ಯಮವರ್ಗದ ಮನೆಗಳನ್ನು ಸೇರಿದ ಆಗ್ಫಾ ಕ್ಲಿಕ್–3 ಎಂಬ ಡಬ್ಬಿ ಕ್ಯಾಮರಾವನ್ನೇ ತೆಗೆದುಕೊಳ್ಳೋಣ. 120ನೆಯ ಅಳತೆಯ ಸುರುಳಿಯಲ್ಲಿ ಅದು ಚೌಕಾಕಾರದ ಹನ್ನೆರಡು ಚಿತ್ರಗಳನ್ನು ಕೊಡುತ್ತಿತ್ತು. ಈ ಜಾತಿಯ ಕ್ಯಾಮರಾಗಳಲ್ಲಿ ಮಸೂರವನ್ನು ಹಿಂದೆಮುಂದೆ ಸರಿಸುವಂತಿಲ್ಲ. ಷಟರಿಗೆ ಸೆಕೆಂಡಿನ ಮೂವತ್ತು–ಐವತ್ತನೆಯ ಒಂದು ಭಾಗದ ಒಂದೇ ವೇಗ. ಬಿಸಿಲಿಗೆ ಒಂದು, ಮೋಡಕ್ಕೆ ಒಂದು ಎಂಬಷ್ಟೇ ಆಯ್ಕೆ. ಅಂದಿನ ಮಂದಗತಿಯ ಫಿಲ್ಮಿನೊಡನೆ ಇಂತಹ ಯಂತ್ರವು ಮನೆಯೊಳಗೆ ಚಿತ್ರ ತೆಗೆಯಲಾರದು. ಬಲ್ಬು ಸುಟ್ಟು ಬೆಳಕು ಮಾಡುವ ಉಪಾಯವಿತ್ತಾದರೂ ಚಿತ್ರವೊಂದಕ್ಕೆ ಬಲ್ಬೊಂದು ವ್ಯಯವಾಗುತ್ತಿತ್ತು.

ಈಗ ಆ ಕಾಲದ ಕುಟುಂಬದ ಆಲ್ಬಮ್ಮುಗಳನ್ನು ತೆರೆದು ನೋಡಿ. ಎಲ್ಲರೂ ಅಂಗಳದಲ್ಲಿ, ಜಗಲಿಯ ಮುಂದೆ, ಬಿಸಿಲಿಗೆ ಮುಖಮಾಡಿ, ಕಣ್ಣು ಕಿರಿದುಮಾಡಿಕೊಂಡು, ಏಳೆಂಟು ಅಡಿ ದೂರದಲ್ಲಿ ನಿಂತಿದ್ದಾರೆ. ಅಡುಗೆಮನೆಯಿಲ್ಲ, ಬಾಣಂತಿಯ ಕೋಣೆಯಿಲ್ಲ, ರಾತ್ರಿಯ ಊಟದ ಪಂಕ್ತಿಯಿಲ್ಲ. ಇದನ್ನು ಕಂಡು, ಹೆಂಗಸರ ದುಡಿಮೆಯನ್ನು ಚಿತ್ರಿಸಲು ಅಂದಿನ ಸಮಾಜಕ್ಕೆ ಮನಸ್ಸಿರಲಿಲ್ಲವೆಂದು ಯಾರಾದರೂ ತೀರ್ಮಾನಿಸಬಹುದು. ಆ ತೀರ್ಮಾನದಲ್ಲಿ ಸತ್ಯಾಂಶವಿದ್ದೀತು. ಆದರೆ ಮನಸ್ಸಿದ್ದರೂ ಈ ಕ್ಯಾಮರಾದಿಂದ ಆಗುತ್ತಿರಲಿಲ್ಲವೆಂಬುದನ್ನು ಮೊದಲು ಲೆಕ್ಕಕ್ಕೆ ಹಿಡಿಯಬೇಕು. ಸಮಾಜದ ಕಣ್ಣು ಎಲ್ಲಿ ಮುಗಿಯಿತು, ಮಸೂರದ ಶಕ್ತಿ ಎಲ್ಲಿ ಮುಗಿಯಿತು ಎಂಬುದನ್ನು ಬೇರ್ಪಡಿಸಲು ಆ ಡಬ್ಬಿಯೇ ನಮಗಿರುವ ಆಧಾರ. ಚಿತ್ರವು ಶಾಸನವಾದರೆ ಕ್ಯಾಮರಾವು ಅದರ ಲಿಪಿ. ಲಿಪಿಯನ್ನರಿಯದೆ ಪಾಠವನ್ನು ನಿರ್ಣಯಿಸುವವರನ್ನು ನಾವು ಒಪ್ಪುವುದಿಲ್ಲವಷ್ಟೆ.

ಫಿಲ್ಮು ಮಿತವ್ಯಯವನ್ನೂ ತಾಳ್ಮೆಯನ್ನೂ ಕಲಿಸುತ್ತಿತ್ತೆಂಬ ಹೊಗಳಿಕೆಯ ಬಗೆಗೆ ಒಂದು ಮಾತು. ಕೊಳ್ಳುವ ಶಕ್ತಿಯಿಲ್ಲದವನಿಗೆ ಮಿತವ್ಯಯವನ್ನು ಕಲಿಸಬೇಕಾಗಿರಲಿಲ್ಲ. ಶಕ್ತಿಯಿದ್ದವನಿಗೆ ಫಿಲ್ಮು ಅದನ್ನು ಕಲಿಸಲೂ ಇಲ್ಲ: ಅಮೆರಿಕದ ಖ್ಯಾತ ಛಾಯಾಗ್ರಾಹಕ ಗ್ಯಾರಿ ವಿನೋಗ್ರಾಂಡ್ 1984ರಲ್ಲಿ ತೀರಿಕೊಂಡಾಗ ಅವನು ತೊಳೆಯದೆ ಬಿಟ್ಟಿದ್ದ ಸುರುಳಿಗಳೇ ಸುಮಾರು 2,500.

ಉಳಿದಿರುವ ವಸ್ತುಗಳ ಸ್ಥಿತಿಯನ್ನಾದರೂ ಹಳಹಳಿಕೆಯು ವಿಚಾರಿಸಬೇಕಾಗಿತ್ತು. ಮಲೆನಾಡಿನ ಹಾಗೂ ಕರಾವಳಿಯ ತೇವಕ್ಕೆ ಮಸೂರಗಳಲ್ಲಿ ಬೂಷ್ಟು ಕಟ್ಟುತ್ತದೆ. ಎಣ್ಣೆ ಗಟ್ಟಿಯಾಗಿ ಷಟರು ತಡವರಿಸುತ್ತದೆ. ಪಾದರಸದ ಬ್ಯಾಟರಿಗಳ ಮಾರಾಟ ನಿಂತುಹೋದ ಕಾರಣ ಹಲವು ಕ್ಯಾಮರಾಗಳ ಬೆಳಕಿನ ಮಾಪಕಗಳು ತಪ್ಪು ಲೆಕ್ಕ ಹೇಳುತ್ತವೆ. ಇವನ್ನು ಬಿಚ್ಚಿ ಸರಿಪಡಿಸಬಲ್ಲ ಕೈಗಳು ಉಳಿದಿರುವುದು ಹೊಸ ಗಿರಾಕಿಗಳಿಂದಲೇ ಎಂಬುದನ್ನು ನಾವು ಕೃತಜ್ಞತೆಯಿಂದ ಒಪ್ಪುತ್ತೇವೆ. ಆದರೆ ಕ್ಯಾಮರಾವನ್ನು ಒರೆಸಿ ಗಾಜಿನ ಬೀರುವಿನಲ್ಲಿಟ್ಟ ಮನೆಯಲ್ಲಿಯೇ ಅದರ ನೆಗೆಟಿವ್‌ಗಳು ಅಟ್ಟದ ಮೇಲಣ ತಗಡಿನ ಡಬ್ಬದಲ್ಲಿ ಕೊಳೆಯುತ್ತಿರುತ್ತವೆ. ಅಸಿಟೇಟ್ ಫಿಲ್ಮು ಕೆಡತೊಡಗಿದರೆ ಡಬ್ಬ ತೆರೆದೊಡನೆ ಹುಳಿಯಾದ ವಿನಿಗರಿನ ವಾಸನೆ ಬರುತ್ತದೆ. ಅನಂತರ ಅದು ಮುದುಡಿ ಸುಕ್ಕುಗಟ್ಟುತ್ತದೆ. ಮುಚ್ಚಿದ ಸ್ಟುಡಿಯೋಗಳ ಸರಕನ್ನು ವಿಲೇವಾರಿ ಮಾಡುವಾಗಲೂ ಕ್ಯಾಮರಾಕ್ಕೆ ಗಿರಾಕಿ ಸಿಕ್ಕುತ್ತಾನೆ, ನೆಗೆಟಿವ್‌ಗಳ ಕಟ್ಟಿಗೆ ಸಿಕ್ಕುವುದಿಲ್ಲ.

ಆದುದರಿಂದ ಕಾಲೇಜುಗಳ ಇತಿಹಾಸ ಸಂಘಗಳು ಇಂತಹ ಕ್ಯಾಮರಾವನ್ನು ದಾನವಾಗಿ ಪಡೆಯುವಾಗ ಅದರೊಡನೆ ನೆಗೆಟಿವ್‌ಗಳನ್ನೂ ಕೇಳಿ ಪಡೆಯುವುದು, ಯಾರು ಎಲ್ಲಿ ಬಳಸಿದರೆಂಬುದನ್ನು ಕೊಟ್ಟವರಿಂದಲೇ ಬರೆಸಿಕೊಳ್ಳುವುದು ಅವಶ್ಯ. ಡಬ್ಬಿ ಕ್ಯಾಮರಾಗಳ ಬೆನ್ನಿನಲ್ಲಿ ಕೆಂಪು ಗಾಜಿನ ಪುಟ್ಟ ಕಿಂಡಿಯಿರುತ್ತದೆ. ಅದರಲ್ಲಿ ಅಂಕಿಯೊಂದು ಕಾಣಿಸಿದರೆ ಒಳಗೆ ಯಾರೋ ಮುಗಿಸದೆ ಬಿಟ್ಟ ಸುರುಳಿ ಇದೆಯೆಂದು ಅರ್ಥ. ಅಂತಹ ಕ್ಯಾಮರಾವನ್ನು ಬೆಳಕಿನಲ್ಲಿ ತೆರೆಯದೆ, ಕಿಂಡಿಗೆ ಕಪ್ಪು ಕಾಗದ ಅಂಟಿಸಿ, ನೇರವಾಗಿ ಕತ್ತಲೆಕೋಣೆಯುಳ್ಳವರ ಕೈಗೆ ಒಪ್ಪಿಸತಕ್ಕದ್ದು.